ಗಡ್ಡೆಯ ಚಕ್ಕುಬಂದಿ

ಆಸ್ಪತ್ರೆ ಕೆಲಸ ಅಂದ್ರೆ ಬರೀ ಅಳುಮುಖ ಅಂದ್ಕೊಂಡಿರ್ತೀರಿ. ಹಾಗೇನಿಲ್ಲ. ನಮ್ಮ ರೇಡಿಯೇಷನ್ ವಿಭಾಗಕ್ಕೆ ವಾರಕ್ಕೊಂದು ಸಲವಾದ್ರೂ ನಗು ತಾನಾಗೇ ನಡ್ಕೊಂಡು ಬರುತ್ತೆ. ಉತ್ತರಹಳ್ಳಿಯ ಯಜಮಾನರೊಬ್ಬರಂತೂ ಬಂದಾಗಲೆಲ್ಲ ತಂದರು.

ನಾನು ಬನಶಂಕರಿ ಕಡೆಯ ಆಸ್ಪತ್ರೆಯೊಂದರಲ್ಲಿ ಟೆಕ್ನಿಷಿಯನ್. ಶ್ವಾಸಕೋಶದ ಸ್ಕ್ಯಾನ್ ಕೊಟ್ಟರೆ ನಮ್ಮ ಕಂಪ್ಯೂಟರ್ ಗಡ್ಡೆಯ ಸುತ್ತ ಗೆರೆ ಎಳೆಯುತ್ತೆ. ಡಾಕ್ಟರ್ ಮೇಡಂ ಅದನ್ನು ತಿದ್ದಿ ಒಪ್ಪಬೇಕು. ಆ ಗೆರೆ ನೋಡ್ಕೊಂಡೇ ರೇಡಿಯೇಷನ್ ಕೊಡೋದು. ಗೆರೆ ಕೆಟ್ಟರೆ ಎಲ್ಲಾ ಕೆಟ್ಟ ಹಾಗೆ.

ಉಸಿರು

ಯಜಮಾನರು ಒಂದು ಕಾಲಕ್ಕೆ ರಾಗಿ ಬೆಳೆದವರು. ಈಗ ಅದೇ ಹೊಲದಲ್ಲಿ ಮೂರು ಬಾಡಿಗೆ ಮನೆ. ಎಡ ಶ್ವಾಸಕೋಶದಲ್ಲಿ ಗಡ್ಡೆ ಅಂತ ಹೆಂಡತಿ ಜೊತೆ ಬಂದಿದ್ದರು. ಮಲಗಿಸಿ, "ಮಾಮೂಲಿಯಾಗಿ ಉಸಿರಾಡ್ತಾ ಇರಿ" ಅಂದೆ. ಸ್ಕ್ಯಾನ್ ಶುರುವಾಯ್ತು, ಉಸಿರು ನಿಂತೋಯ್ತು. ಸ್ಕ್ಯಾನ್ ನಿಲ್ಲಿಸಿದೆ. ಓಡಿಹೋಗಿ ನೋಡಿದ್ರೆ ಕಣ್ಣು ಪಿಳಿಪಿಳಿ ಬಿಡ್ತಾ ಮಲಗಿದ್ದಾರೆ.

"ಯಾಕೆ ಯಜಮಾನ್ರೇ, ಉಸಿರು ಕಟ್ಕೊಂಡ್ರಿ?"

"ಅಳತೆ ಮಾಡುವಾಗ ಜಾಗ ಅಲ್ಲಾಡಬಾರದಲ್ಲ ಸಾರ್. ಆಮೇಲೆ ತಕರಾರು ಬರುತ್ತೆ."

ಇನ್ನೂ ಎರಡು ಸಲ ಇದೇ ಕತೆ. ಕೊನೆಗೆ ಅವರ ಹೆಂಡತಿಗೇ ಮೈಕ್ ಕೊಟ್ಟೆ. "ರೀ, ಉಸ್ರಾಡ್ರಿ" ಅಂದರು ಆಯಮ್ಮ. ನಲವತ್ತು ವರ್ಷದ ಅಭ್ಯಾಸ, ತಕ್ಷಣ ಉಸಿರಾಡಿದರು.

ಸಾಕ್ಷಿ

ರೇಡಿಯೇಷನ್ ಶುರುವಾಗೋಕೆ ಮುಂಚೆ ಗೆರೆ ನೋಡಲೇಬೇಕು ಅಂತ ಯಜಮಾನರು ಹಟ ಹಿಡಿದರು. ಮೇಡಂ ಪರದೆ ತಿರುಗಿಸಿದರು.

"ಚಕ್ಕುಬಂದಿ ಏನು ಮೇಡಂ?"

ಸೈಟಿನ ಪತ್ರದಲ್ಲಿ ನಾಲ್ಕು ಕಡೆ ಏನೇನಿದೆ ಅಂತ ಬರೀತಾರಲ್ಲ, ಅದು. ಮೇಡಂ ಜಯನಗರದವರು, ಸೈಟಿನ ಭಾಷೆ ಅವರಿಗೂ ಗೊತ್ತು. ಮುಖ ಬದಲಿಸದೆ ಹೇಳಿದರು: "ಒಂದು ಕಡೆ ಹೃದಯ, ಹಿಂದೆ ಬೆನ್ನುಮೂಳೆ. ಮಿಕ್ಕಿದ್ದು ನಿಮ್ಮ ಶ್ವಾಸಕೋಶನೇ."

"ಗೆರೆ ಎಳೆದೋರು ಯಾರು?"

"ಕಂಪ್ಯೂಟರ್ ಸಾರ್, ಎರಡೇ ನಿಮಿಷ" ಅಂದೆ ನಾನು, ನನ್ನ ಮಗನೇ ಪಾಸಾದಷ್ಟು ಹೆಮ್ಮೆಯಿಂದ.

"ಸ್ಥಳಕ್ಕೇ ಬರದೆ, ಕೂತಲ್ಲೇ ಎಳೆದುಬಿಡ್ತಾ?"

ಅಷ್ಟರಲ್ಲಿ ಮೇಡಂ, "ಇಲ್ಲಿ ಸ್ವಲ್ಪ ಆಚೆ ಹೋಗಿದೆ" ಅಂತ ಹೃದಯದ ಪಕ್ಕ ಗೆರೆ ಅಳಿಸಿ ಒಳಗೆ ಎಳೆದರು. ಯಜಮಾನರು ನನ್ನ ಕಡೆ ತಿರುಗಿ, "ನೋಡಿದ್ರಾ, ಪಕ್ಕದೋರ ಜಾಗಕ್ಕೆ ನುಗ್ಗಿದೆ" ಅಂದರು.

ಆಮೇಲೆ ಅವರ ದನಿ ಇಳೀತು. "ಮೇಡಂ, ಭಯ ಆಗ್ತಿದೆ. ಇನ್ನೊಂದ್ ಹತ್ತು ವರ್ಷ ಬದುಕಬೇಕು ಅಂತ ಆಸೆ."

"ಒಂದೊಂದು ಗೆರೇನೂ ನಾನೇ ನೋಡ್ತೀನಿ, ಧೈರ್ಯವಾಗಿರಿ" ಅಂದರು ಮೇಡಂ.

ಯಜಮಾನರು ಹೆಂಡತಿಗೆ, "ಕೇಳಿಸ್ಕೊಂಡೆ ತಾನೆ? ನೀನೇ ಸಾಕ್ಷಿ" ಅಂದರು.

"ಆಗಲಿ. ಬೀಡಿ ಬಿಟ್ಟಿದ್ದೀನಿ ಅಂತೀರಲ್ಲ, ಅದಕ್ಕೆ ಯಾರು ಸಾಕ್ಷಿ?"

ಖಾಲಿ ಜಾಗ

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್. ಈ ಸಲ ಚೆನ್ನಾಗೇ ಉಸಿರಾಡಿದರು. ಉಸಿರು ಬಿಗಿಹಿಡಿದಿದ್ದು ನಾನು. ಮೇಡಂ ಹಳೇ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ಹಳೇ ಗೆರೆಯೊಳಗೆ ಗಡ್ಡೆ ಕಾಣಲಿಲ್ಲ. ಯಜಮಾನರ ಹೆಂಡತಿ ಸೆರಗಲ್ಲಿ ಕಣ್ಣೊರೆಸಿಕೊಂಡರು. ಯಜಮಾನರು ಮಾತ್ರ ಪರದೆಗೇ ಮುಖ ತಾಗಿಸಿ ಕೂತಿದ್ದರು.

"ಈಗ ಅಲ್ಲೇನಿದೆ ಮೇಡಂ?"

"ಏನೂ ಇಲ್ಲ ಯಜಮಾನ್ರೇ. ಖಾಲಿ."

ನಗ್ತಾರೆ ಅಂತ ಕಾದೆ. ಅವರ ಮುಖದಲ್ಲಿ ಗಾಬರಿ.

"ಖಾಲಿ ಬಿಡಬೇಡಿ ಮೇಡಂ, ಬೇಗ ಬೇಲಿ ಹಾಕ್ಸಿ. ನಮ್ಮ ಉತ್ತರಹಳ್ಳೀಲಿ ಜಾಗ ಖಾಲಿ ಬಿಟ್ರೆ, ಬೆಳಗಾಗೋದ್ರೊಳಗೆ ಯಾರೋ ಶೆಡ್ ಹಾಕಿರ್ತಾರೆ."