ಗೋಡೆಯಾಚೆಯ ಟಾಕೀಸು

ಕಾಣದ ವಿಷಯವನ್ನು ಧೈರ್ಯವಾಗಿ ಹೇಳುವುದಕ್ಕೆ ಓದು ಬೇಕಿಲ್ಲ, ವಯಸ್ಸು ಸಾಕು. ತಮಿಳುನಾಡಿನ ಪಲ್ಲಡಂನಲ್ಲಿ ನಮ್ಮ ಬೀದಿಯ ಹಳೆಯ ಟಾಕೀಸನ್ನು ಕೆಡವುತ್ತಾರೆಂದು ಸುದ್ದಿ ಬಂದಾಗ ಮೊಮ್ಮಗಳು ರಮ್ಯ ಫೋನು ಹಿಡಿದು ಎದುರು ಕುಳಿತಳು. "ಅಜ್ಜಿ, ಅದರ ಚರಿತ್ರೆ ಹೇಳು, ಊರಿಗೆಲ್ಲ ತೋರಿಸ್ತೀನಿ." ನಾನು ಸೆರಗು ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟೆ.

ಮೊದಲು ತೆಂಗಿನ ಗರಿಯ ಚಪ್ಪರ, ಆಮೇಲೆ ತಗಡು, ಆಮೇಲೆ ಗೋಡೆ. ಆ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ, ಗೋಡೆಯ ಈಚೆ ಬದಿಗೆ ನನ್ನ ಕುಳಿಮಗ್ಗ. ಆಟಕ್ಕೆ ಮುಂಚೆ ಹಾಕುವ ದೇವರ ಹಾಡು ಕೇಳಿದರೆ ಬೀದಿಯ ಹೆಂಗಸರು ಅನ್ನಕ್ಕಿಡುತ್ತಿದ್ದರು. ನಾನು ಲಾಳಿ ಎಸೆಯುತ್ತಲೇ ಎಲ್ಲ ಸಿನಿಮಾ ಕೇಳಿದೆ. ಕತ್ತಿಯುದ್ಧ ಬಂದರೆ ಸೀರೆ ರಟ್ಟಿನಂತೆ ಬಿಗಿ. ತಾಯಿ ಸತ್ತರೆ ಸೊಳ್ಳೆಪರದೆಯಂತೆ ಸಡಿಲ. ನೂಲು ಕೊಡುವ ಯಜಮಾನರು ಸೀರೆಯನ್ನು ಬೆಳಕಿಗೆ ಹಿಡಿದು, "ಏನಮ್ಮ, ಈ ವಾರ ಟಾಕೀಸಲ್ಲಿ ಅಳೋ ಪಡವಾ?" ಎನ್ನುತ್ತಿದ್ದರು. ಒಬ್ಬ ನಾಯಕನ ಸಿನಿಮಾ ಬಂದಾಗ ಮಾತ್ರ ನೇಯ್ಗೆ ಒಂದೇ ಸಮ. ಜೇನಿನಂಥ ದನಿ. ಆರಡಿ ಆಳು, ಸಿಂಹದಂಥ ಎದೆ ಎಂದು ಫೋನಿಗೆ ವರ್ಣಿಸಿದೆ.

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ನಾದಿನಿ ರಂಗಮ್ಮ ತಲೆಯೆತ್ತಿದಳು. "ಎದೆ ಎಲ್ಲಿ ಕಂಡೆ ಅತ್ತಿಗೆ? ನೀನು ಒಂದಿನಾನೂ ಒಳಗೆ ಹೋದವಳಲ್ಲ!"

"ಗೋಡೆ ದಾಟಿ ಬಿಟ್ಟಿ ಬರೋದಕ್ಕೆ ಟಿಕೆಟ್ ಯಾಕೆ?"

"ಆಮಾ, ಹೌದೌದು, ನೋಡದವಳು ಚರಿತ್ರೆ ಹೇಳ್ತಾಳೆ! ತಾಳು, ಬೀದಿಗೆಲ್ಲ ಹೇಳ್ತೀನಿ."

ರಂಗಮ್ಮನಿಗೆ ಸಿಕ್ಕ ಮಾತು ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ. ಹಳೆಯ ಸಿನಿಮಾದ ವಿಷಯದಲ್ಲಿ ಏನೇ ತಕರಾರಿದ್ದರೂ ಬೀದಿಯವರು ನನ್ನ ಹತ್ತಿರವೇ ಬರುತ್ತಾರೆ. ನನಗಿರುವ ಮರ್ಯಾದೆಯೆಲ್ಲ ಅದೊಂದೇ.

"ಜಗಳ ಯಾಕೆ? ಆ ಹೀರೋ ಪಡಾನೇ ಹಾಕ್ತೀನಿ, ನೋಡೋಣ," ಎಂದು ರಮ್ಯ ಫೋನಿನಲ್ಲಿ ಹುಡುಕಿ ಹಾಕಿದಳು. ದನಿ ಅದೇ. ನನ್ನ ಕೈ ತಾನಾಗಿ ಲಾಳಿ ಹುಡುಕಿತು. ಮುಖ ನೋಡಿದೆ. ಗಿಡ್ಡ ಆಳು, ಗುಂಡು ಹೊಟ್ಟೆ, ಬದನೆಕಾಯಿ ಮೂಗು.

"ಅಯ್ಯೋ, ನಮ್ಮಣ್ಣ!" ಎಂದಳು ರಂಗಮ್ಮ. ನಿಜ, ತೀರಿಹೋದ ನನ್ನ ಗಂಡನ ಪಡಿಯಚ್ಚು.

ನಾನು ಬಿಡಲಿಲ್ಲ. "ಈಗ ಹೇಳು ರಂಗಮ್ಮ, ನಿಮ್ಮಣ್ಣ ಸಿಂಹದ ಹಾಗೆ ಇದ್ನಾ, ಇಲ್ವಾ?"

ರಂಗಮ್ಮ ಸೊಪ್ಪಿನ ಕಡೆ ನೋಡಿದಳು. "ಇದ್ದ. ಸಿಂಹಾನೇ."

ಚರಿತ್ರೆ ಉಳಿಯಿತು. "ಮುಂದೆ ನೋಡ್ತೀಯಾ ಅಜ್ಜಿ?" ಎಂದಳು ರಮ್ಯ.

"ಫೋನು ಕವುಚಿ ಇಡು, ದನಿ ಸಾಕು," ಎಂದೆ. ಆ ಮುಖವನ್ನೂ ಒಂದು ಜೀವಮಾನವೆಲ್ಲ ಬಿಟ್ಟಿಯಾಗಿಯೇ ನೋಡಿದ್ದೇನೆ.