ಅತ್ತೆಯ ನಿದ್ದೆ ಮತ್ತು ಎರಡು ಕಣ್ಣಿನ ಕ್ಯಾಮೆರಾ

ಮನುಷ್ಯರ ಫೋಟೋ ತೆಗೆಯುವವರು ಪುಣ್ಯವಂತರು. "ಅಲ್ಲಾಡಬೇಡಿ, ರೆಡಿ" ಎಂದರೆ ಸಾಕು, ಎದುರಿಗಿದ್ದವರು ಉಸಿರು ಬಿಗಿಹಿಡಿದು ಶಿಲಾಮೂರ್ತಿಗಳಾಗಿಬಿಡುತ್ತಾರೆ. ಹಕ್ಕಿಗಳಿಗೆ ಈ ಮರ್ಯಾದೆ ಗೊತ್ತಿಲ್ಲ. ನಾನು ಉಸಿರು ಬಿಗಿಹಿಡಿದರೆ ಅವು ಹಾರುತ್ತವೆ, ಬಿಟ್ಟರೂ ಹಾರುತ್ತವೆ. ಹಾಗಿದ್ದೂ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ನನಗೆ ಹೇಗೆ ಹತ್ತಿತೋ ನಾನರಿಯೆ. ನಮ್ಮ ಮನೆತನದಲ್ಲಿ ಹಕ್ಕಿಗಳೊಡನೆ ಇದ್ದ ಸಂಬಂಧವೆಲ್ಲ ಕವಣೆ ಬೀಸಿ ರಾಗಿ ಹೊಲದಿಂದ ಓಡಿಸುವುದಷ್ಟೇ. ನಾನೊಬ್ಬ ಮಾತ್ರ ಅವನ್ನು "ಬಾ, ಬಾ" ಎಂದು ಕರೆಯುವವನು ಹುಟ್ಟಿದೆ.

ಆಗ ನಾನು ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೆ. ನನ್ನ ಬಳಿ ಅಣ್ಣ ಕೊಟ್ಟ ಒಂದು ಹಳೆಯ ಡಬ್ಬಿ ಕ್ಯಾಮೆರಾ ಇತ್ತು. ಅದರಲ್ಲಿ ಕೆರೆ ಚೆನ್ನಾಗಿ ಬರುತ್ತಿತ್ತು, ಆಕಾಶ ಧಾರಾಳವಾಗಿ ಬರುತ್ತಿತ್ತು, ಹಕ್ಕಿ ಮಾತ್ರ ಸಾಸಿವೆ ಕಾಳಿನಷ್ಟು ಬರುತ್ತಿತ್ತು. ನೋಡುವವರಿಗೆ ಅನುಕೂಲವಾಗಲೆಂದು ಆ ಸಾಸಿವೆಯ ಸುತ್ತ ಇಂಕಿನಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದೆ. ಒಮ್ಮೆ ನನ್ನ ಹೆಂಡತಿ ಜಯ ಆ ಸೊನ್ನೆಯನ್ನು ಉಗುರಿನಿಂದ ಕೆರೆದು ನೋಡಿ, "ರೀ, ನಿಮ್ ಗರುಡ ಉದುರೋಯ್ತು" ಎಂದಳು. ಅದು ಗರುಡನಲ್ಲ, ಫೋಟೋ ತೊಳೆಯುವಾಗ ಅಂಟಿದ ಕಸ. ಕಸಕ್ಕೆ ಸೊನ್ನೆ ಸುತ್ತಿ ಕಾರ್ಖಾನೆಯಲ್ಲೆಲ್ಲ ತೋರಿಸಿಕೊಂಡು ಬಂದಿದ್ದೆ. ಹೊಸ ಕ್ಯಾಮೆರಾ ಕೊಳ್ಳಬೇಕೆಂಬ ನಿರ್ಧಾರ ಅಂದೇ ಆಯಿತು.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಆ ವರ್ಷ ಆಯುಧಪೂಜೆಗೆ ನೌಕರರು ತೆಗೆದ ಫೋಟೋಗಳನ್ನು ಕ್ಯಾಂಟೀನಿನ ಗೋಡೆಯ ಮೇಲೆ ಹಾಕುವುದೆಂದೂ, ಮ್ಯಾನೇಜರ್ ಸಾಹೇಬರೇ ಒಂದನ್ನು ಆರಿಸಿ ಬಹುಮಾನ ಕೊಡುವರೆಂದೂ ಸುದ್ದಿಯಾಯಿತು. ನನ್ನ ಪಕ್ಕದ ಮೇಜಿನ ಸೆಲ್ವಂ ತನ್ನ ತಮಿಳು ಬೆರೆತ ಕನ್ನಡದಲ್ಲಿ ಇಡೀ ಕ್ಯಾಂಟೀನಿಗೆ ಕೇಳಿಸುವಂತೆ ಹೇಳಿದ: "ನಂಜುಂಡಪ್ಪ ಸಾರ್, ನಿಮ್ಮದು ಹಾಕೋದಾದ್ರೆ ಪಕ್ಕದಲ್ಲಿ ಒಂದು ಭೂತಕನ್ನಡಿ ಕೂಡ ಕಟ್ಟಿ ಸಾರ್. ಇಲ್ಲಾಂದ್ರೆ ಪಕ್ಷಿ ಎಂಗೇಂತ ಜನ ಹುಡುಕ್ತಾನೇ ಇರ್ತಾರೆ." ಸಾಂಬಾರಿನ ಬಕೆಟ್ಟು ಹಿಡಿದವನೂ ನಕ್ಕ. ಮಿಕ್ಕವರ ನಗು ಹೇಗೋ ಸಹಿಸಬಹುದು. ಬಡಿಸುವವನು ನಕ್ಕರೆ ಅನ್ನ ಇಳಿಯುವುದಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ವೆಂಕಟೇಶಪ್ಪನವರ ಸ್ಟುಡಿಯೋ. ನಮ್ಮ ಮದುವೆಯ ಫೋಟೋ ತೆಗೆದವರು ಅವರೇ. ಅದರಲ್ಲಿ ನನ್ನ ಕಣ್ಣು ಮುಚ್ಚಿಹೋಗಿದ್ದರಿಂದ ಅವರಿಗೆ ನನ್ನ ಮೇಲೆ ಏನೋ ಒಂದು ದಾಕ್ಷಿಣ್ಯ. ಅವರು ಎರಡು ಕ್ಯಾಮೆರಾಗಳನ್ನು ಮುಂದಿಟ್ಟರು. ಒಂದಕ್ಕೆ ಮೊಳದುದ್ದದ ಲೆನ್ಸು, ಜಪಾನಿನದು, ಕೈಗೆತ್ತಿಕೊಂಡರೆ ಬಂದೂಕು ಹಿಡಿದ ಗತ್ತು ತಾನಾಗಿ ಬರುತ್ತಿತ್ತು. ಇನ್ನೊಂದು ಚೌಕನೆಯ ಪೆಟ್ಟಿಗೆ. ಮೇಲೊಂದು, ಕೆಳಗೊಂದು ಎರಡು ಕಣ್ಣು. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ ಗಾಜಿನೊಳಗೆ ನೋಡಬೇಕು. ಅದರೊಳಗೆ ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುತ್ತದೆ. "ಎರಡನ್ನೂ ತಗೊಂಡೋಗಿ ಸಾರ್, ಭಾನುವಾರವೆಲ್ಲ ಇಟ್ಕೊಂಡು ನೋಡಿ. ಹೆಣ್ಣು ನೋಡೋಕೆ ಹೋದಂಗೆ ಒಂದೇ ಸಲ ನೋಡಿ ಒಪ್ಕೋಬಾರ್ದು" ಎಂದರು ವೆಂಕಟೇಶಪ್ಪ. ಒಂದೇ ಸಲ ನೋಡಿ ಒಪ್ಪಿದವನು ನಾನು. ಜಯಳಿಗೆ ಈ ಮಾತನ್ನು ವರದಿ ಮಾಡಲಿಲ್ಲ.

ಆ ಭಾನುವಾರ ನಮ್ಮ ಅತ್ತೆ ಮುನಿಯಮ್ಮನವರು ಕೆಲಮಂಗಲದ ಹತ್ತಿರದ ತಮ್ಮ ಹಳ್ಳಿಯಿಂದ ಬಂದಿದ್ದರು. ಮುದ್ದೆ ಉಂಡು, ನಡುಮನೆಯಲ್ಲಿ ಸೆರಗು ಹಾಸಿ ಮಲಗಿದ್ದರು. ಅವರ ನಿದ್ದೆಯ ವಿಷಯ ಹೇಳಲೇಬೇಕು. ಪಕ್ಕದ ಬೀದಿಯಲ್ಲಿ ಬೆಕ್ಕು ಆಕಳಿಸಿದರೂ ಅವರಿಗೆ ಎಚ್ಚರವಾಗುತ್ತದೆ. ಅಳಿಯನಾದ ಹೊಸದರಲ್ಲಿ ನಾನು ರಾತ್ರಿ ನೀರು ಕುಡಿಯಲು ಎದ್ದರೆ ಕತ್ತಲಲ್ಲಿ "ಯಾರ್ಲಾ ಅದು?" ಎಂದು ಕೂಗಿ ಚೊಂಬು ಕೈಜಾರುವಂತೆ ಮಾಡುತ್ತಿದ್ದರು. ಖಾಲಿ ಕ್ಯಾಮೆರಾಗಳನ್ನು ತಿರುವುತ್ತ ಕುಳಿತಿದ್ದ ನನಗೆ ಅವರನ್ನು ನೋಡುತ್ತಿದ್ದಂತೆ ಒಂದು ವಿಷಯ ಹೊಳೆಯಿತು. ಹಕ್ಕಿ ಹಾರುವುದು ನನ್ನ ಮೋರೆಯನ್ನು ನೋಡಿಯಲ್ಲ, ಸದ್ದಿಗೆ. ಹೊಸೂರು ತಾಲ್ಲೂಕಿನಲ್ಲಿ ಹಕ್ಕಿಗಿಂತ ಸೂಕ್ಷ್ಮವಾದ ಕಿವಿ ಯಾವುದಾದರೂ ಇದ್ದರೆ ಅದು ನಮ್ಮ ನಡುಮನೆಯಲ್ಲೇ ಮಲಗಿದೆ!

ಉದ್ದ ಲೆನ್ಸಿನದನ್ನು ಎತ್ತಿ ಗುರಿಯಿಟ್ಟು ಗುಂಡಿ ಒತ್ತಿದೆ. ಒಳಗಿನ ಕನ್ನಡಿ ಎದ್ದು ಬಿದ್ದು 'ಖಟಾರ್' ಎಂದಿತು. ಅತ್ತೆ ಎದ್ದು ಕೂತರು. "ಅಯ್ಯೋ, ಯಾವ್ ಮಡಕೆ ಒಡ್ದೋಯ್ತೆ ಜಯಾ?" ನಾನು ಕ್ಯಾಮೆರಾವನ್ನು ಬೆನ್ನ ಹಿಂದೆ ಮುಚ್ಚಿಟ್ಟು ಸೂರು ನೋಡಿದೆ. ಅವರು ಗೊಣಗಿಕೊಂಡು ಮತ್ತೆ ಮಲಗಿದರು. ಉಸಿರು ಒಂದೇ ಸಮವಾದ ಮೇಲೆ ಎರಡು ಕಣ್ಣಿನದನ್ನು ಹೊಟ್ಟೆಗೆ ಆನಿಸಿ, ಬಗ್ಗಿ, ಒತ್ತಿದೆ. 'ಚಿಕ್'. ಅಕ್ಕಿ ಕಾಳೊಂದು ಚಾಪೆಯ ಮೇಲೆ ಬಿದ್ದಷ್ಟು ಸದ್ದು. ಅತ್ತೆ ಮಿಸುಕಲಿಲ್ಲ. ಹತ್ತಿರ ಹೋಗಿ ಒತ್ತಿದೆ. ಇನ್ನೂ ಹತ್ತಿರ ಹೋಗಿ, ಮಂಡಿಯೂರಿ, ಅವರ ಕಿವಿಯ ಪಕ್ಕದಲ್ಲೇ ಒತ್ತಿದೆ. ಗೊರಕೆ! ಅಷ್ಟರಲ್ಲಿ ಜಯ ಅಡುಗೆಮನೆಯಿಂದ ಬಂದಳು.

"ಏನ್ರೀ ಇದು? ನಮ್ಮಮ್ಮನ ತಲೆದೆಸೇಲಿ ಕೂತ್ಕಂಡು ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಾ ಇದ್ದೀರಲ್ಲ, ಮೈ ಹುಷಾರಾಗಿದ್ಯಾ?"

ಮಗಳ ದನಿಗೆ ಅತ್ತೆ ಎದ್ದರು. ವಿಷಯ ಹೇಳಲೇಬೇಕಾಯಿತು. ಹಕ್ಕಿಗೆ ಹೋಲಿಸಿದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ. ಕ್ಯಾಮೆರಾದಲ್ಲಿ ಫಿಲ್ಮಿರಲಿಲ್ಲ ಎಂದದ್ದಕ್ಕೆ ಆಯಿತು. "ಬರೀ ಪೆಟ್ಟಿಗೇಲಿ ನನ್ ಮಕ ತೆಗುದ್ರಾ? ಬ್ಯಾಡ ಕಣಳಿಯಂದ್ರೇ, ನಮ್ಮೂರ್‌ಗೆ ಬನ್ನಿ, ಒಳ್ಳೆ ಸೀರೆ ಉಟ್ಕೊತೀನಿ, ಸರ್ಯಾಗ್ ತೆಗೀರಿ. ನಿಮ್ಗೆ ಹಕ್ಕಿ ತಾನೇ ಬೇಕು? ನಮ್ ಹೊಲದ್ ಪಕ್ಕ ಕೆರೆ ತುಂಬಾ ಅವ್ವೆ" ಎಂದರು.

ನಾನು ಎರಡು ಕಣ್ಣಿನದನ್ನೇ ಕೊಂಡೆ. ಕಾರ್ಖಾನೆಯಲ್ಲಿ ನಗೆಯೋ ನಗೆ. "ಪಕ್ಷಿಗೆ ಪೋಯಿ ಯಾರಾದ್ರೂ ಪಾಸ್‌ಪೋರ್ಟ್ ಫೋಟೋ ಪೆಟ್ಟಿ ತಗೊಳ್ತಾರಾ ಸಾರ್?" ಎಂದ ಸೆಲ್ವಂ. ಹೇಳಿ ಸುಮ್ಮನಾಗಲಿಲ್ಲ, ನಾನು ವಾಪಸು ಕೊಟ್ಟ ಉದ್ದ ಲೆನ್ಸಿನದನ್ನು ತಾನೇ ಕೊಂಡು, ಕುತ್ತಿಗೆಗೆ ನೇತುಹಾಕಿಕೊಂಡು ಕ್ಯಾಂಟೀನಿಗೆ ಬಂದ. ನಿಜ ಹೇಳಬೇಕೆಂದರೆ ಅವನ ಎದೆಯ ಮೇಲೆ ಅದನ್ನು ಕಂಡಾಗ ನನ್ನ ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದೆ. ನನ್ನದಕ್ಕೆ ದೂರದ ಹಕ್ಕಿಯನ್ನು ಹತ್ತಿರ ಎಳೆಯುವ ಶಕ್ತಿಯಿಲ್ಲ. ನಾನೇ ಹಕ್ಕಿಯ ಹತ್ತಿರ, ಕೈಚಾಚುವಷ್ಟು ಹತ್ತಿರ ಹೋಗಬೇಕು. ಅತ್ತೆಯ ಗೊರಕೆ ನಂಬಿ ಮೋಸಹೋದೆನೇ?

ಅತ್ತೆಯ ಊರಿಗೆ ಹೋದೆ. ಫಿಲ್ಮಿನ ಮೊದಲ ಫೋಟೋ ಅವರದೇ ಆಯಿತು. ಹಸಿರು ಸೀರೆಯುಟ್ಟು, ಉಸಿರು ಬಿಗಿಹಿಡಿದು ಶಿಲಾಮೂರ್ತಿಯಾದರು. ಆಮೇಲೆ ಕೆರೆಯಂಚಿನಲ್ಲಿ ಒಂದು ಒಣ ಕೊಂಬೆ ನೆಟ್ಟೆ. ಅದರ ಪಕ್ಕದಲ್ಲೇ ಜೋಳದ ದಂಟು ಕಟ್ಟಿ, ಮೇಲೆ ಗೋಣಿತಾಟು ಹೊದಿಸಿ, ನಾಯಿಗೂಡಿನಷ್ಟು ದೊಡ್ಡದೊಂದು ಗುಡಿಸಲು ಮಾಡಿದೆ. ಒಂದು ದಿನ ಅದನ್ನು ಹಾಗೇ ಬಿಟ್ಟು, ಹಕ್ಕಿಗಳಿಗೆ ಅಭ್ಯಾಸವಾದ ಮೇಲೆ ಬೆಳಗಿನ ಹೊತ್ತಿನಲ್ಲಿ ತೂರಿಕೊಂಡು ಕೂತೆ. ಮಂಡಿ ನನ್ನ ಉದ್ದ ಮೂಗಿಗೆ ತಾಗುತ್ತಿತ್ತು. ಸೊಳ್ಳೆಗಳು ನನ್ನನ್ನು ಅನ್ನಸಂತರ್ಪಣೆಯೆಂದು ತಿಳಿದವು. ಇರುವೆಯೊಂದು ಎಲ್ಲಿಗೆ ಹೊರಟಿದೆಯೆಂದು ತಿಳಿದೂ ತಡೆಯಲಾರದೆ ಹಲ್ಲು ಕಚ್ಚಿದೆ.

ಆಗ ಅದು ಬಂತು. ಕಪ್ಪು ಬಿಳುಪು ಮಿಂಚುಳ್ಳಿ! ಕಪ್ಪು ಬಿಳುಪು ಫಿಲ್ಮಿಗೆಂದೇ ದೇವರು ಮಾಡಿಟ್ಟಂಥ ಹಕ್ಕಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ಬಿದ್ದು, ಮೀನು ಕಚ್ಚಿಕೊಂಡು ಎದ್ದು ನೇರ ನನ್ನ ಕೊಂಬೆಯ ಮೇಲೆ ಕೂತಿತು. ಗಾಜಿನಲ್ಲಿ ಅದು ಎಡಕ್ಕಿದೆಯೆಂದು ನಾನು ಕ್ಯಾಮೆರಾವನ್ನೂ ಎಡಕ್ಕೆ ತಿರುಗಿಸಿ ಹಕ್ಕಿಯನ್ನು ಪೂರ್ತಿ ಕಳೆದುಕೊಂಡೆ. ಮತ್ತೆ ಹುಡುಕಿ ನಡುವಿಗೆ ತಂದು ಒತ್ತಿದೆ. 'ಚಿಕ್'. ಅದು ನನ್ನ ಕಡೆ ಒಮ್ಮೆ ನೋಡಿತು. ಹಾರಲಿಲ್ಲ! ಮೀನನ್ನು ಕೊಂಬೆಗೆ ಪಟಪಟ ಬಡಿಯಿತು. ಉಗುರಿನಷ್ಟೂ ಸದ್ದಾಗದಂತೆ ಫಿಲ್ಮು ತಿರುಗಿಸಿ ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಮೀನನ್ನು ಮೇಲಕ್ಕೆಸೆದು ಅಡ್ಡಡ್ಡ ಹಿಡಿದ ಕ್ಷಣವೂ ಸಿಕ್ಕಿತು. ಫಿಲ್ಮು ಮುಗಿದು ನಾನು ದಂಟು ಚೆಲ್ಲಾಡುತ್ತ ಹೊರಗೆ ಬಿದ್ದು ಕುಣಿದೆ. ಹೊಲದಲ್ಲಿದ್ದ ಅತ್ತೆ, "ಅಯ್ಯಯ್ಯೋ, ಅಳಿಯಂದ್ರಿಗ್ ಏನೋ ಕಚ್ಬುಡ್ತು!" ಎಂದು ಓಡಿ ಬಂದರು.

ಆಯುಧಪೂಜೆಯ ದಿನ ಕ್ಯಾಂಟೀನಿನ ಗೋಡೆಯ ಮೇಲೆ ನನ್ನ ಮಿಂಚುಳ್ಳಿ ಕೂತಿತ್ತು, ತಟ್ಟೆಯಗಲ. ಕೊಕ್ಕಿನಿಂದ ಬೀಳುತ್ತಿದ್ದ ಹನಿಯನ್ನೂ ಎಣಿಸಬಹುದಿತ್ತು. ಪಕ್ಕದಲ್ಲಿ ಸೆಲ್ವಂನ ಫೋಟೋಗಳು: ಖಾಲಿ ಕೊಂಬೆ, ಅಲ್ಲಾಡುವ ಖಾಲಿ ಕೊಂಬೆ, ಮೂಲೆಯಲ್ಲಿ ಅರ್ಧ ಬಾಲ. ಮ್ಯಾನೇಜರ್ ಸಾಹೇಬರು ನನ್ನ ಫೋಟೋದ ಮುಂದೆ ನಿಂತವರು ಬಹಳ ಹೊತ್ತು ಕದಲಲಿಲ್ಲ. ಬಹುಮಾನ ನನಗೇ ಬಂತು. ಸಾಂಬಾರಿನವನು ನನ್ನ ಎಲೆಗೆ ಎರಡು ವಡೆ ಹೆಚ್ಚಿಗೆ ಹಾಕಿದ. ಸೆಲ್ವಂ ಬಂದು ಕೈಕುಲುಕಿ, ದನಿ ತಗ್ಗಿಸಿ ಕೇಳಿದ: "ಸಾರ್, ಮುಂದಿನ ವಾರ ನಿಮ್ಮ ಅತ್ತೆ ಮನೆಗೆ ನಾನೂ ವರಲಾಮಾ?" ಗೆದ್ದವನು ಉದಾರಿಯಾಗಿರಬೇಕು. "ಬನ್ನಿ, ಆದರೆ ಆ ಫಿರಂಗಿ ಬೇಡ" ಎಂದೆ.

ಫೋಟೋಗೆ ಕಟ್ಟು ಹಾಕಿಸಿ ಮನೆಯ ಬಾಗಿಲಿಗೆ ಎದುರಾಗಿ ತೂಗುಹಾಕಿದೆ. ಕೃಷ್ಣಗಿರಿಯಲ್ಲಿ ಮಾವಿನ ಮಂಡಿ ಇಟ್ಟಿದ್ದ ಜಯಳ ಚಿಕ್ಕಪ್ಪ ಬಂದವರು ಅದನ್ನು ನೋಡಿ, "ಏನ್ ಚೆಂದಾಗೈತೆ! ಯಾವ್ ಪೇಪರ್‌ನಾಗ್ ಕತ್ತರ್ಸಿದ್ರಿ ಅಳಿಯಂದ್ರೇ?" ಎಂದರು. ನನ್ನ ಮೈ ಉರಿಯಿತು. ಮಾರನೆಯ ದಿನವೇ ಕಟ್ಟು ಬಿಚ್ಚಿಸಿ, ಹಕ್ಕಿಯ ಕೆಳಗೆ ಬಿಳಿ ಬಣ್ಣದಲ್ಲಿ ದಪ್ಪ ಅಕ್ಷರಗಳಲ್ಲಿ 'ನಂಜುಂಡಪ್ಪ' ಎಂದು ಬರೆಸಿದೆ. ಮುಂದಿನ ಸಲ ಚಿಕ್ಕಪ್ಪ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಓದಿದರು. ನಾನು ಎದೆ ಮುಂದೆ ಮಾಡಿ ನಿಂತೆ.

"ನೋಡ್ರಪ್ಪಾ," ಎಂದರು ಅವರು ಮಕ್ಕಳಿಗೆ, "ಈ ಹಕ್ಕಿ ಹೆಸ್ರೂನೂ ನಂಜುಂಡಪ್ಪ ಅಂತೆ! ಮೂಗ್ ನೋಡಿದ್ರೇ ಗೊತ್ತಾಯ್ತದೆ."