ಪರೀಕ್ಷೆಗೆ ಹರಡಿದ ಕಾಫಿ

ನಮ್ಮ ವಿಭಾಗದಲ್ಲಿ ಏನಾದರೊಂದು ಎಡವಟ್ಟು ಆಗದ ವಾರವೇ ಇಲ್ಲ. ಕೊಡಗಿನಲ್ಲಿ ಕಲೆ ಮತ್ತು ವಿನ್ಯಾಸದ ಸ್ನಾತಕೋತ್ತರ ಕೋರ್ಸ್ ಶುರು ಮಾಡ್ತೀನಿ ಅಂತ ನಾನು ಹೊರಟಾಗ, "ಮೇಡಂ, ನಿಮಗೆ ತಲೆ ಸರಿ ಇದೆಯಾ?" ಅಂದವರೇ ಜಾಸ್ತಿ. ಸರಿ ಇತ್ತು. ಈಗಲೂ ಸರಿ ಇದೆ, ಅದೇ ಆಶ್ಚರ್ಯ.

ನಮ್ಮ ಪ್ರಿನ್ಸಿಪಾಲರು ಮಾತ್ರ ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಮೊದಲ ಬ್ಯಾಚಿನ ಕೊನೆಯ ಪ್ರದರ್ಶನವನ್ನ ಹೊರಗಿನ ಪರೀಕ್ಷಕರು ಒಪ್ಪಬೇಕು. ಒಪ್ಪದಿದ್ರೆ ಕೋರ್ಸ್ ಬಂದ್. ನಿಮ್ಮ ಹಾಲ್ ಬಿ.ಕಾಂ. ಕ್ಲಾಸಿಗೆ." ಆಮೇಲೆ ನಮ್ಮ ಹಾಲಿಗೆ ಯಾವಾಗ ಬಂದರೂ ಅವರ ಕಣ್ಣು ಗೋಡೆಯ ಮೇಲಿನ ಚಿತ್ರ ನೋಡುತ್ತಿರಲಿಲ್ಲ, ನೆಲ ಅಳೆಯುತ್ತಿತ್ತು. "ಇಲ್ಲಿ ಒಳ್ಳೇ ಬೆಂಚು ಹಿಡಿಸ್ತವೆ," ಅನ್ನೋರು. "ಹಿಡಿಸ್ತವೆ ಸಾರ್, ಆದ್ರೆ ಹಿಡಿಸೋಕೆ ನಾನು ಬಿಡಲ್ಲ," ಅನ್ನುತ್ತಿದ್ದೆ.

ರಜೆಯ ಪ್ರಶ್ನೆ

ಪ್ರವೇಶ ಸಂದರ್ಶನಕ್ಕೆ ಭಾಗಮಂಡಲದ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಜೊತೆಗೆ ಅಪ್ಪ. ಹುಡುಗಿಯ ಚಿತ್ರಗಳು ಎಷ್ಟು ಚೆನ್ನಾಗಿದ್ದವು ಅಂದರೆ ನಾನು ಒಳಗೊಳಗೇ ಕುಣಿದಾಡಿಬಿಟ್ಟೆ. ಅಪ್ಪನನ್ನು ಒಪ್ಪಿಸಬೇಕಲ್ಲ? ಈ ಕೋರ್ಸ್ ಮಾಡಿದವರು ಏನೇನಾಗಬಹುದು, ಸ್ವಂತ ಸ್ಟುಡಿಯೋ ಹೇಗೆ ತೆರೆಯಬಹುದು ಅಂತ ಗಂಟಲು ಒಣಗುವಷ್ಟು ಭಾಷಣ ಬಿಗಿದೆ. ಅವರು ಟೋಪಿ ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು.

"ಎಲ್ಲ ಸರಿ. ಕಾಫಿ ಪಿಕಿಂಗ್ ಟೈಮ್‌ಲಿ ರಜೆ ಉಟ್ಟಾ?"

"ರಜೆ ಇಲ್ಲ. ಕೊನೆಯ ಪ್ರದರ್ಶನ ಬರೋದೇ ಆವಾಗ."

ಅವರು ಮಗಳ ಮುಖ ನೋಡಿದರು, ಸೂರು ನೋಡಿದರು. "ಹಂಗಾರೆ ಕಾಫಿನ ಇಲ್ಲಿಗೇ ತಂದ್ ಹರಡೊಕಷ್ಟೆ," ಅಂದರು, ಕಾಫಿ ಒಣಗಿಸೋ ಅಂಗಳ ಇದೇ ಅನ್ನುವ ಹಾಗೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನೂ ನಗಲಿಲ್ಲ, ಮಗಳೂ ನಗಲಿಲ್ಲ.

ಖಾಲಿ ಜಾಗ

ವೃತ್ತಿ ಅಭ್ಯಾಸ ಅಂತ ನಮ್ಮಲ್ಲಿ ಒಂದು ವಿಷಯ. ನಿಜವಾದ ಗಿರಾಕಿಗೆ ನಿಜವಾದ ಕೆಲಸ ಮಾಡಿಕೊಡಬೇಕು. ಕುಶಾಲನಗರದಿಂದ ಬಂದ ನಮ್ಮ ಹುಡುಗನೊಬ್ಬನಿಗೆ ಒಂದು ಹೋಂಸ್ಟೇಯ ಲೋಗೋ ಸಿಕ್ಕಿತು. ಮಾಲೀಕರಿಗೆ ಅದರಲ್ಲಿ ಆನೆ ಬೇಕು, ಹೊಳೆ ಬೇಕು, ಕಾಫಿ, ಕರಿಮೆಣಸು, ಜೀಪು ಬೇಕು, ಅವರ ನಾಯಿಯೂ ಬೇಕು. ಹುಡುಗ ಮಹಾ ಹಟಮಾರಿ. ಎಲ್ಲ ಬಿಟ್ಟು ಒಂದು ಎಲೆ ಬರೆದು, ಸುತ್ತ ಬೆಳ್ಳಗೆ ಬಿಟ್ಟು ಕೊಟ್ಟ.

"ಇದೇನಿದು, ಇಷ್ಟೊಂದು ಖಾಲಿ?"

"ಸಾರ್, ಅದು ಕಣ್ಣಿಗೆ ಉಸಿರಾಡೋಕೆ ಜಾಗ."

ಮಾಲೀಕರು ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಒಪ್ಪಿದೆ ಕಣೋ. ಆದ್ರೆ ಸೀಸನ್‌ನಲ್ಲಿ ಇಷ್ಟು ಜಾಗ ಸುಮ್ಮನೆ ಬಿಡೋಕೆ ನನ್ನ ಜೀವ ಕೇಳಲ್ಲ. ಎಡಗಡೆ ಎರಡು ಕಾಟೇಜು ಬರಿ."

ಪಕ್ಕದಲ್ಲಿ ನಿಂತಿದ್ದ ನಮ್ಮ ಪ್ರಿನ್ಸಿಪಾಲರು, "ಬೆಂಚೂ ಹಿಡಿಸ್ತವೆ," ಅಂದರು.

ಅಲ್ಲಾಡದ ಮಾಡೆಲ್

ಮನುಷ್ಯರನ್ನು ನೋಡಿ ಬರೆಯುವ ತರಗತಿಗೆ ಅಲ್ಲಾಡದೆ ಕೂರುವವರೊಬ್ಬರು ಬೇಕಿತ್ತು. ನಮ್ಮ ಬೀದಿಯಲ್ಲೇ ಒಬ್ಬ ರಿಟೈರ್ಡ್ ರೈಟರ್ ಇದ್ದರು. ರೈಟರ್ ಅಂದರೆ ಎಸ್ಟೇಟಿನಲ್ಲಿ ಕೆಲಸದವರ ಹಾಜರಿ ಹಾಕಿ, ಹಿಂದೆ ನಿಂತು ಕೆಲಸ ತೆಗೆಯುವವರು. ಮುಖ ಅಂದರೆ ಮುಖ, ಬರೆಯೋಕೇ ಹೇಳಿ ಮಾಡಿಸಿದ ಹಾಗಿತ್ತು. "ಸುಮ್ಮನೆ ಕೂರೋದು ತಾನೇ?" ಅಂತ ಬಂದರು.

ಕೂತರೇನೋ ಕೂತರು, ಬಾಯಿ ಕೂರಬೇಕಲ್ಲ! "ಏ ಕೊನೇ ಸಾಲು, ಏನು ಮಾತು ಅಲ್ಲಿ? ಏ ಕನ್ನಡಕ, ಆಗಿನಿಂದ ಮೂಗಲ್ಲೇ ಇದ್ದೀಯ, ಮುಂದೆ ಹೋಗು!" ವರ್ಷವಿಡೀ ನಾನು ಬೊಬ್ಬೆ ಹೊಡೆದರೂ ಮುಗಿಯದ ಕೆಲಸ ಅವತ್ತು ಮಧ್ಯಾಹ್ನದೊಳಗೆ ಮುಗಿಯಿತು. ಊಟದ ಹೊತ್ತಿಗೆ ಅವರು ಜೇಬಿನಿಂದ ಹಳೇ ಸೀಟಿ ತೆಗೆದು ಊದಿದರು. ಮಕ್ಕಳೆಲ್ಲ ಎದ್ದು ಹೊರಟರು. ನಾನೂ ಬುತ್ತಿ ಹಿಡಿದು ಅರ್ಧ ದಾರಿಗೆ ಹೋಗಿದ್ದೆ, ಆಮೇಲೆ ನೆನಪಾಯಿತು, ವಿಭಾಗದ ಮುಖ್ಯಸ್ಥೆ ನಾನು ಅಂತ.

ಮುಟ್ಟಬೇಡಿ

ಕೊನೆಯ ಪ್ರದರ್ಶನ ಬಂತು. ಭಾಗಮಂಡಲದ ಹುಡುಗಿ ಅಪ್ಪನ ಮಾತನ್ನೇ ನಡೆಸಿಬಿಟ್ಟಿದ್ದಳು. ಮನೆಯ ಕಾಫಿಯನ್ನು ಪಿಕಪ್‌ನಲ್ಲಿ ತರಿಸಿ, ಕಾಲೇಜಿನ ಸಿಮೆಂಟ್ ಅಂಗಳದ ತುಂಬ ಹರಡಿ ಚಿತ್ರ ಮಾಡಿದ್ದಳು. ಹಣ್ಣು ಕಾಫಿಯ ಕೆಂಪು, ಅರ್ಧ ಒಣಗಿದ್ದರ ಕಂದು, ಪೂರ್ತಿ ಒಣಗಿದ್ದರ ಕಪ್ಪು. ಮಹಡಿಯ ವರಾಂಡದಿಂದ ನೋಡಿದರೆ ಎರಡು ದೊಡ್ಡ ಕೈಗಳು, ಕಾಫಿ ಕೊಯ್ಯುವ ಹೆಂಗಸಿನವು. ಉಗುರಿನ ಸಂದಿಯ ಕರೆಯೂ ಇತ್ತು. ನನಗೆ ಕಣ್ಣು ತುಂಬಿ ಬಂತು. ಕೋರ್ಸ್ ಉಳಿದರೆ ಈ ಕೈಗಳಿಂದಲೇ ಅಂತ ಗಟ್ಟಿಯಾಗಿ ನಂಬಿ, "ಕಲಾಕೃತಿ. ಮುಟ್ಟಬೇಡಿ" ಅಂತ ಹಲಗೆ ಬರೆದು ನಾನೇ ನಿಲ್ಲಿಸಿದೆ.

ಬೆಂಗಳೂರಿನಿಂದ ಬಂದ ಪರೀಕ್ಷಕರೋ, ನಗುವನ್ನು ಮನೆಯಲ್ಲೇ ಬಿಟ್ಟು ಬಂದವರು. ಮಹಡಿಯ ಹಾಲಿನೊಳಗಿನ ಒಂದೊಂದು ಕೆಲಸಕ್ಕೂ "ಹ್ಞೂಂ" ಅನ್ನುತ್ತಾ ಹೋದರು. ಪ್ರಿನ್ಸಿಪಾಲರು ಕೆಳಗೆ ಅಂಗಳದ ಅಂಚಿನಲ್ಲಿ ಖುಷಿಯಾಗಿ ಓಡಾಡುತ್ತಿದ್ದರು.

"ಸಾರ್, ಇನ್ನೊಂದಿದೆ, ವರಾಂಡದಿಂದ ನೋಡಬೇಕು," ಅಂತ ನಾನು ಪರೀಕ್ಷಕರನ್ನು ಹೊರಗೆ ಕರೆತಂದೆ. ಅಷ್ಟರಲ್ಲಿ ಜೋರು ಗಾಳಿ. ತಲೆಯೆತ್ತಿದರೆ, ಬೆಟ್ಟದ ಮೇಲಿಂದ ಕರ್ರಗೆ ಮೋಡ ಇಳಿಯುತ್ತಿದೆ!

ಕೆಳಗೆ ಹುಡುಗಿಯ ಅಪ್ಪ, "ಮಳೆ ಬಾತ್!" ಅಂತ ಕೂಗಿದರು. ಪ್ರದರ್ಶನ ನೋಡಲು ಬಂದಿದ್ದ ರೈಟರ್ ಸೀಟಿ ಊದಿಯೇಬಿಟ್ಟರು. ಅಷ್ಟೇ! ಹರಡಿದ ಕಾಫಿ, ಮೇಲೆ ಮೋಡ, ಇವೆರಡನ್ನೂ ಒಟ್ಟಿಗೆ ನೋಡಿ ಸುಮ್ಮನೆ ನಿಲ್ಲುವ ಮನುಷ್ಯ ನಮ್ಮೂರಲ್ಲಿ ಹುಟ್ಟೇ ಇಲ್ಲ. ಮಕ್ಕಳ ಮನೆಯವರು, ಅತಿಥಿಗಳು, ರೇಷ್ಮೆ ಸೀರೆ ಉಟ್ಟು ಬಂದಿದ್ದವರು, ಎಲ್ಲ ಸಿಕ್ಕಿದ್ದು ಹಿಡಿದು ಕಾಫಿ ರಾಶಿ ಮಾಡತೊಡಗಿದರು. ಪ್ರಿನ್ಸಿಪಾಲರು ಬೂಟುಗಾಲಲ್ಲೇ ತಳ್ಳುತ್ತಿದ್ದಾರೆ.

"ಬೇಡ್ರೋ! ಅದು ಪರೀಕ್ಷೆ!" ನಾನು ಬೊಬ್ಬೆ ಹೊಡೆದೆ. ಯಾರಿಗೆ ಕೇಳಬೇಕು? ಹುಡುಗಿಯೇ ಟಾರ್ಪಾಲು ಎಳೆದುಕೊಂಡು ಓಡಿ ಬರುತ್ತಿದ್ದಳು.

ಮುಗೀತು ಕಥೆ ಅಂತ ಪಕ್ಕಕ್ಕೆ ತಿರುಗಿದರೆ, ಪರೀಕ್ಷಕರೇ ಇಲ್ಲ. ಬಗ್ಗಿ ನೋಡಿದೆ. ಪ್ಯಾಂಟು ಮಡಚಿ, ಬರಿಗಾಲಲ್ಲಿ ನಿಂತು ಪ್ರಿನ್ಸಿಪಾಲರಿಗೆ ಬೈಯುತ್ತಿದ್ದಾರೆ: "ಬೂಟು ಬಿಚ್ರೀ! ಕಾಫಿ ಮೇಲೆ ಯಾರಾದ್ರೂ ಬೂಟಲ್ಲಿ ನಿಲ್ತಾರಾ?" ಟಾರ್ಪಾಲು ಹಾರದಂತೆ ಒಂದು ಮೂಲೆಗೆ ನನ್ನ "ಮುಟ್ಟಬೇಡಿ" ಹಲಗೆಯನ್ನು ಹೇರಿ, ಇನ್ನೊಂದು ಮೂಲೆಯ ಮೇಲೆ ತಾವೇ ಕೂತುಬಿಟ್ಟರು.

ನಾಲ್ಕು ಹನಿ ಉದುರಿತು. ಮೋಡ ಕುಶಾಲನಗರದ ಕಡೆ ಹೊರಟುಹೋಯಿತು. ನಾನು ಮೆಟ್ಟಿಲಿಳಿದು ಕೆಳಗೆ ಓಡಿದೆ.

"ನಾನೂ ಕೊಡಗಿನವನೇ ಮೇಡಂ, ಹುದಿಕೇರಿ," ಅಂದರು ಪರೀಕ್ಷಕರು, ಏದುಸಿರು ಬಿಡುತ್ತಾ. "ಸದ್ಯ, ಕಾಫಿ ಉಳೀತು. ಈಗ ಹೇಳಿ, ಆ ಹುಡುಗಿಯ ಕಲಾಕೃತಿ ಎಲ್ಲಿ?"

"ಸಾರ್, ನೀವು ಅದರ ಮೇಲೆ ಕೂತಿದ್ದೀರಿ."

ಹುಡುಗಿ ಒಂದಿಷ್ಟೂ ಅಳುಕದೆ, "ಕೈ ಬರ್ದಿದ್ದೆ ಸಾರ್. ನಿಮ್ಮ ಕೈ ನೋಡ್ಕೊಳ್ಳಿ, ಅದೇ ಬಣ್ಣ," ಅಂದಳು. ಪರೀಕ್ಷಕರು ಕರೆಯಾದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದು, "ಈ ಕೋರ್ಸ್ ನಿಲ್ಲಿಸ್ತೀನಿ ಅಂದೋರು ಯಾರು?" ಅಂತ ಕೇಳಿದರು. ಪ್ರಿನ್ಸಿಪಾಲರು ಬೂಟು ಹುಡುಕುವ ನೆಪದಲ್ಲಿ ಬಗ್ಗಿದರು.

ಕೋರ್ಸ್ ಉಳಿಯಿತು. ಆದರೆ ಮಾರ್ಕ್ಸ್ ಕೊಡಬೇಕಾದರೆ ಚಿತ್ರ ನೋಡಲೇಬೇಕಲ್ಲ? ಬಿಸಿಲು ಬಂದಿತ್ತು, ಎಲ್ಲರೂ ಸೇರಿ ಬಣ್ಣ ಬೇರೆ ಬೇರೆ ಆರಿಸಿ ಮತ್ತೆ ಹರಡಿದೆವು. ಪರೀಕ್ಷಕರೂ ಬಲಗೈಯ ಮೂಲೆ ಹಿಡಿದು ಬೆವರು ಸುರಿಸಿದರು. ಮೇಲೆ ಹೋಗಿ ನೋಡಿದರೆ ಬಲಗೈಗೆ ಏಳು ಬೆರಳು! ಹೆಚ್ಚಿನ ಎರಡು ಯಾರ ಕೆಲಸ ಅಂತ ಎಲ್ಲರಿಗೂ ಗೊತ್ತು.

ಪರೀಕ್ಷಕರು ವರಾಂಡದ ಕಂಬಿ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು, "ಎಲ್ಲ ಚೆನ್ನಾಗಿದೆ," ಅಂದರು. "ಅದರಲ್ಲೂ ಆ ಕೊನೆಯ ಎರಡು ಬೆರಳಿದೆಯಲ್ಲ, ಅಲ್ಲಿ ನಿಜವಾದ ಪ್ರತಿಭೆ ಇದೆ."